ಎಸ್ ಗಾತ್ರದ ಅಂಗಿಯೂ ದೊಗಳೆಯಾದಾಗ

ಉಡುಪು ಮತ್ತು ಅಳತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಮಾನ್ವಿಯ ಓದುಗರೊಬ್ಬರು, ತಾವು ಕೊಳ್ಳುವ ಸಿದ್ಧ ಅಂಗಿಗಳ ತೋಳು ಅಂಗೈ ಮುಚ್ಚುವಷ್ಟು ಇಳಿಯುತ್ತದೆ, ಏನು ಮಾಡಬೇಕು ಎಂದು ಕೇಳಿದ್ದರು. ಕಫ್ ಬಿಚ್ಚಿಸಿ, ತೋಳನ್ನು ಒಂದಿಂಚು ಕಡಿಮೆ ಮಾಡಿಸಿ ಮತ್ತೆ ಹೊಲಿಸಿಕೊಳ್ಳಿ ಎಂದು ನಾನು ನಾಲ್ಕು ಸಾಲಿನಲ್ಲಿ ಉತ್ತರಿಸಿದ್ದೆ. ಆ ಉತ್ತರವನ್ನು ಓದಿ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಂದ ಬರೆದವರೆಲ್ಲರೂ ಬೇರೆಬೇರೆ ಮಾತಿನಲ್ಲಿ ಒಂದೇ ಸಂಗತಿಯನ್ನು ಹೇಳಿದ್ದಾರೆ: ತೊಂದರೆ ತೋಳಿನದ್ದಷ್ಟೇ ಅಲ್ಲ, ಚಿಕ್ಕ ಮೈಕಟ್ಟಿನ ಗಂಡಸಿಗೆ ಅಂಗಡಿಯಲ್ಲಿ ಒಪ್ಪುವ ಬಟ್ಟೆಯೇ ಸಿಗುವುದಿಲ್ಲ. ನನ್ನ ಉತ್ತರ ಸಾಲದಾಯಿತು ಎಂಬುದನ್ನು ಒಪ್ಪಿಕೊಂಡು, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಸಿಂಧನೂರು ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕನಾಗಿದ್ದೇನೆ. ನನಗೆ 27 ವರ್ಷ. ಎತ್ತರ 5 ಅಡಿ 2 ಇಂಚು, ತೂಕ 49 ಕಿಲೋ. ಅಂಗಡಿಯಲ್ಲಿ ಎಸ್ ಎಂದು ಬರೆದ ಅಂಗಿಯನ್ನು ತೊಟ್ಟರೂ ಭುಜದ ಹೊಲಿಗೆ ತೋಳಿನ ಮೇಲೆ ಇಳಿದು ಕೂರುತ್ತದೆ, ಇನ್‌ಶರ್ಟ್ ಮಾಡಿದರೆ ಸೊಂಟದ ಸುತ್ತ ಬಟ್ಟೆ ಗುಡ್ಡೆಯಾಗುತ್ತದೆ. ಹೋದ ತಿಂಗಳು ಅಂಗಡಿಯೊಂದರಲ್ಲಿ ನನ್ನನ್ನು ಮಕ್ಕಳ ಉಡುಪಿನ ವಿಭಾಗಕ್ಕೆ ಕಳುಹಿಸಿದರು. ಅಲ್ಲಿ ನನ್ನ ಶಾಲೆಯ ವಿದ್ಯಾರ್ಥಿಯೊಬ್ಬ ತನ್ನ ತಂದೆಯೊಡನೆ ಅಂಗಿ ಆರಿಸುತ್ತಿದ್ದ. ನಾನು ಏನನ್ನೂ ಕೊಳ್ಳದೆ ಹೊರಬಂದೆ. ದೋಷ ನನ್ನ ಮೈಯಲ್ಲಿದೆಯೇ, ಬಟ್ಟೆಯಲ್ಲಿದೆಯೇ?

ಉತ್ತರ: ಮಾನ್ಯರೇ, ದೋಷ ಬಟ್ಟೆಯನ್ನು ಕತ್ತರಿಸಿದ ಲೆಕ್ಕದಲ್ಲಿದೆ. ಇದು ಸಮಾಧಾನಕ್ಕೆ ಆಡುವ ಮಾತಲ್ಲ. ಮೂವತ್ತು ವರ್ಷ ಕತ್ತರಿ ಹಿಡಿದು, ಆಮೇಲೆ ಬಳ್ಳಾರಿಯಲ್ಲಿ ಹುಡುಗರಿಗೆ ಕಟಿಂಗ್ ಕಲಿಸಿದ ಅನುಭವದಿಂದ ಹೇಳುತ್ತಿದ್ದೇನೆ. ಲೆಕ್ಕವನ್ನು ನಿಮ್ಮ ಮುಂದೆ ಬಿಡಿಸಿಡುತ್ತೇನೆ, ನೀವೇ ನೋಡಿ.

ಸಿದ್ಧ ಉಡುಪು ತಯಾರಿಸುವವರು ಎಲ್ಲ ಗಾತ್ರಗಳಿಗೂ ಬೇರೆಬೇರೆ ಪ್ಯಾಟರ್ನ್ (ಬಟ್ಟೆ ಕತ್ತರಿಸುವ ನಕ್ಷೆ) ಬರೆಯುವುದಿಲ್ಲ. ನಡುವಿನ ಒಂದು ಗಾತ್ರವನ್ನು, ಸಾಮಾನ್ಯವಾಗಿ 40 ಇಂಚು ಎದೆಯದನ್ನು, ಚೆನ್ನಾಗಿ ಕೂರುವಂತೆ ಮಾಡಿಕೊಂಡು, ಅದರಿಂದ ಮೇಲಕ್ಕೂ ಕೆಳಕ್ಕೂ ಅಳತೆಗಳನ್ನು ಹಿಗ್ಗಿಸುತ್ತ, ಕುಗ್ಗಿಸುತ್ತ ಹೋಗುತ್ತಾರೆ. ಇದಕ್ಕೆ ಗ್ರೇಡಿಂಗ್ ಎನ್ನುತ್ತಾರೆ. ಒಂದು ಗಾತ್ರದಿಂದ ಕೆಳಗಿನ ಗಾತ್ರಕ್ಕೆ ಇಳಿಯುವಾಗ ಎದೆಯ ಸುತ್ತಳತೆ ಎರಡು ಇಂಚು ಕುಗ್ಗಿದರೆ, ಭುಜ ಅರ್ಧ ಇಂಚು ಕುಗ್ಗುತ್ತದೆ. ಅಂಗಿಯ ಉದ್ದ ಮತ್ತು ತೋಳಿನ ಉದ್ದಗಳು ಕಾಲು ಇಂಚೋ ಅರ್ಧ ಇಂಚೋ ಕಡಿಮೆಯಾಗುತ್ತವೆ, ಕೆಲವು ಕಡೆ ಕಡಿಮೆಯಾಗುವುದೇ ಇಲ್ಲ. ಹೀಗಾಗಿ ಎಸ್ ಎಂಬ ಅಂಗಿ ಸಾಧಾರಣ ಎತ್ತರದ ತೆಳ್ಳಗಿನ ಮನುಷ್ಯನಿಗೆ ಹೊಲಿದ ಅಂಗಿಯೇ ಹೊರತು, ಎತ್ತರದಲ್ಲಿಯೂ ಚಿಕ್ಕವರಾದ ನಿಮ್ಮಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಲಿದದ್ದಲ್ಲ. ಕಂಪನಿಯಿಂದ ಕಂಪನಿಗೆ ಅರ್ಧ ಇಂಚಿನ ವ್ಯತ್ಯಾಸವಿದ್ದರೂ, ಎಸ್ ಅಂಗಿಯ ಭುಜ ಸುಮಾರು 17 ಇಂಚು, ತೋಳು 24, ಉದ್ದ 28ರಿಂದ 29 ಇರುತ್ತದೆ. ನಿಮ್ಮ ಎತ್ತರ, ತೂಕದ ಗಂಡಸಿಗೆ ಬೇಕಾದದ್ದು ಭುಜ ಹದಿನೈದೂವರೆ, ತೋಳು 22, ಉದ್ದ 26 ಅಥವಾ 27. ಭುಜವೊಂದರಲ್ಲೇ ಒಂದೂವರೆ ಇಂಚಿನ ಅಂತರ ಬಿದ್ದರೆ ಹೊಲಿಗೆ ಎರಡೂ ಕಡೆ ಮುಕ್ಕಾಲು ಇಂಚು ಕೆಳಗಿಳಿಯುವುದು ಸಹಜ.

ಎದೆಯ ಅಳತೆಯೊಂದನ್ನು ಹಿಡಿದು ಮಿಕ್ಕದ್ದನ್ನು ಊಹಿಸುವ ಈ ಪದ್ಧತಿಯ ಬೇರು ಸೈನ್ಯದ ಸಮವಸ್ತ್ರದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಲಕ್ಷಾಂತರ ಸೈನಿಕರಿಗೆ ಬೇಗಬೇಗನೆ ಸಮವಸ್ತ್ರ ಬೇಕಾದಾಗ, ಇಷ್ಟು ಎದೆಯವನಿಗೆ ಇಷ್ಟು ಸೊಂಟ, ಇಷ್ಟು ತೋಳು ಎಂಬ ಕೋಷ್ಟಕಗಳು ಬಳಕೆಗೆ ಬಂದವು. ಸೈನ್ಯಕ್ಕೆ ಸೇರಿಸಿಕೊಳ್ಳುವಾಗ ಕನಿಷ್ಠ ಎತ್ತರವನ್ನು ನೋಡುತ್ತಿದ್ದರು. ಅದಕ್ಕಿಂತ ಗಿಡ್ಡವಿದ್ದವರು ಆ ಕೋಷ್ಟಕದೊಳಗೆ ಹೆಚ್ಚಾಗಿ ಬರಲಿಲ್ಲ.

ಇನ್ನೊಂದು ಮಾತನ್ನು ನೀವು ತಿಳಿಯಬೇಕು. 2020ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ, ಇನ್ನೂರು ದೇಶಗಳ ಎತ್ತರವನ್ನು ಹೋಲಿಸಿದ ಅಧ್ಯಯನದ ಪ್ರಕಾರ ಭಾರತದ 19 ವರ್ಷದ ತರುಣರ ಸರಾಸರಿ ಎತ್ತರ 166.5 ಸೆಂಟಿಮೀಟರ್, ಅಂದರೆ ಐದು ಅಡಿ ಐದೂವರೆ ಇಂಚು. ಸರಾಸರಿಯೇ ಇಷ್ಟಿರುವಾಗ ಐದು ಅಡಿ ಎರಡು, ಮೂರು ಇಂಚಿನ ಗಂಡಸರು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಆದರೂ ನಮ್ಮಲ್ಲಿ ಬಳಕೆಯಲ್ಲಿರುವ ಪ್ಯಾಟರ್ನ್‌ಗಳಲ್ಲಿ ಬಹಳಷ್ಟು ಹೊರದೇಶದ ಕೋಷ್ಟಕಗಳಿಂದ ಬಂದವು. ಭಾರತೀಯರ ಮೈಗೆ ಭಾರತೀಯರದೇ ಅಳತೆ ಬೇಕೆಂದು ಕೇಂದ್ರ ಜವಳಿ ಸಚಿವಾಲಯದ ಬೆಂಬಲದಿಂದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು 'ಇಂಡಿಯಾಸೈಜ್' ಎಂಬ ಸಮೀಕ್ಷೆಯನ್ನು ಕೈಗೆತ್ತಿಕೊಂಡಿತು. ಬೆಂಗಳೂರು, ಹೈದರಾಬಾದ್ ಸೇರಿದಂತೆ ಆರು ನಗರಗಳಲ್ಲಿ, 15ರಿಂದ 65 ವರ್ಷದೊಳಗಿನ 25 ಸಾವಿರ ಜನರ ಮೈಯನ್ನು ಸ್ಕ್ಯಾನರ್ ಯಂತ್ರದಿಂದ ಅಳೆಯುವುದು ಅದರ ಗುರಿಯಾಗಿತ್ತು. ಇಂಥದೊಂದು ಕೆಲಸ ಬೇಕಾಯಿತೆಂಬುದೇ ನಿಮ್ಮ ಪ್ರಶ್ನೆಗೆ ಉತ್ತರ.

ಇನ್ನು ಮಾಡಬೇಕಾದದ್ದು. ಮಕ್ಕಳ ವಿಭಾಗದ ಅಂಗಿಯನ್ನು ಕೊಳ್ಳಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮಗೆ ಅಲ್ಲಿ ಆದ ಮುಜುಗರ ಅದಕ್ಕೆ ಒಂದು ಕಾರಣವಾದರೂ ಮುಖ್ಯ ಕಾರಣ ಬೇರೆ. 15 ವರ್ಷದ ಹುಡುಗನ ಅಂಗಿಯಲ್ಲಿ ಎದೆ, ಬೆನ್ನುಗಳ ಅಗಲ ಬೆಳೆದ ಗಂಡಸಿನದಕ್ಕಿಂತ ಕಡಿಮೆ ಇರುತ್ತದೆ, ಕತ್ತಿನ ಸುತ್ತಳತೆ ಚಿಕ್ಕದಿರುತ್ತದೆ. ಉದ್ದ ಸರಿಹೋದರೂ ಕೈ ಮುಂದೆ ಚಾಚಿ ಬೋರ್ಡಿನ ಮೇಲೆ ಬರೆಯುವಾಗ ಬೆನ್ನು ಹಿಡಿಯುತ್ತದೆ. ಕಾಲರ್‌ ಕೂಡ ಸಣ್ಣದಾಗಿದ್ದು ಮುಖಕ್ಕೆ ಹೊಂದುವುದಿಲ್ಲ.

ಸಿದ್ಧ ಅಂಗಿಯನ್ನೇ ಕೊಳ್ಳುವುದಾದರೆ, ಆಮೇಲೆ ಸರಿಪಡಿಸಲು ಬಾರದ ಭಾಗಗಳನ್ನು ಮೊದಲು ನೋಡಿ. ಭುಜ, ಕಂಕುಳಿನ ಸುತ್ತು ಮತ್ತು ಕಾಲರ್, ಈ ಮೂರು ಸರಿಯಿದ್ದರೆ ಮಾತ್ರ ಅಂಗಿಯನ್ನು ಕೈಗೆತ್ತಿಕೊಳ್ಳಿ. ಕಂಕುಳ ಬಳಿ ತೋಳಿನ ಕೊಯ್ತ ಕೆಳಗಿಳಿದಿದ್ದರೆ ಅದನ್ನು ಮೇಲೇರಿಸಲು ಅಲ್ಲಿ ಬಟ್ಟೆಯೇ ಉಳಿದಿರುವುದಿಲ್ಲ. ಅಂಥ ಅಂಗಿಯಲ್ಲಿ ನೀವು ಕೈ ಎತ್ತಿದೊಡನೆ ಇಡೀ ಅಂಗಿ ಪ್ಯಾಂಟಿನಿಂದ ಹೊರಗೆ ಬರುತ್ತದೆ. ಪಕ್ಕದ ಹೊಲಿಗೆಯನ್ನು ಒಳಕ್ಕೆ ಹಿಡಿಸುವುದು, ಕೆಳಗಿನ ಉದ್ದವನ್ನು ಕತ್ತರಿಸಿ ಮಡಿಸುವುದು, ಕಫ್ ಬಿಚ್ಚಿ ತೋಳನ್ನು ಒಂದೂವರೆ ಇಂಚಿನವರೆಗೆ ಮೊಟಕುಗೊಳಿಸುವುದು, ಇವೆಲ್ಲ ಯಾವ ಊರಿನ ಟೇಲರ್ ಆದರೂ ಅರ್ಧ ದಿನದಲ್ಲಿ ಮಾಡಿಕೊಡುವ ಕೆಲಸಗಳು.

ಆದರೆ ನಿಮ್ಮ ಅಳತೆಗೆ ನನ್ನ ಮೊದಲ ಸಲಹೆ ಬಟ್ಟೆ ಕೊಂಡು ಹೊಲಿಸಿಕೊಳ್ಳುವುದೇ. ಉಳಿದವರಿಗೆ 58 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ತುಂಬುತೋಳಿನ ಅಂಗಿಗೆ 1.6 ಮೀಟರ್ ಬೇಕಾದರೆ ನಿಮಗೆ ಒಂದೂವರೆ ಮೀಟರ್ ಧಾರಾಳವಾಯಿತು, ಪ್ಯಾಂಟಿಗೆ 1.2 ಮೀಟರ್ ಬದಲು 1.1 ಸಾಕು. ನಮ್ಮ ಬಿಸಿಲಿಗೆ ನೀವು ಹತ್ತಿಯನ್ನೇ ಆರಿಸುವಿರೆಂದುಕೊಂಡು ಹೇಳುತ್ತೇನೆ: ಕತ್ತರಿಸುವ ಮೊದಲು ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಹಿಂಡದೆ ಒಣಗಿಸಿ ಕೊಡಿ. ಆಗ ಮುಂದೆ ಕುಗ್ಗಬಹುದೆಂಬ ನೆಪದಲ್ಲಿ ಟೇಲರ್ ಅರ್ಧ ಇಂಚು ಹೆಚ್ಚು ಬಿಡುವುದು ತಪ್ಪುತ್ತದೆ. ಮೊದಲ ಅಂಗಿಯೊಂದನ್ನು ಮಾತ್ರ ಹೊಲಿಸಿ, ತೊಟ್ಟು, ಒಗೆದು, ಒಂದು ವಾರ ಶಾಲೆಗೆ ಹೋಗಿ ಬನ್ನಿ. ಎಲ್ಲಿ ಹಿಡಿಯುತ್ತದೆ, ಎಲ್ಲಿ ಸಡಿಲವಾಗಿದೆ ಎಂದು ಬರೆದಿಟ್ಟುಕೊಂಡು ಹೋಗಿ ತಿದ್ದಿಸಿದ ಮೇಲೆ, ಆ ಅಳತೆಯನ್ನು ಟೇಲರ್ ಪುಸ್ತಕದಲ್ಲಿಯೂ ನಿಮ್ಮ ಡೈರಿಯಲ್ಲಿಯೂ ಬರೆಸಿಡಿ. ಉಳಿದ ಅಂಗಿಗಳನ್ನು ಆಮೇಲೆ ಹೊಲಿಸಿದರಾಯಿತು.

ಪ್ರಶ್ನೆ: ನಾವಿರುವುದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. ದೇಶದ ಎಲ್ಲೆಡೆಗೆ ಜೀನ್ಸ್ ಕಳುಹಿಸುವ ಊರಿನಲ್ಲಿದ್ದುಕೊಂಡು ನನಗೆ 28 ಸೊಂಟ, 27 ಉದ್ದದ ಒಂದು ಜೀನ್ಸ್ ಸಿಗುವುದಿಲ್ಲವೆಂದರೆ ಏನರ್ಥ? ಸಿಕ್ಕದ್ದನ್ನು ಕೊಂಡು ಕೆಳಗೆ ಐದಾರು ಇಂಚು ಕತ್ತರಿಸಿದರೆ ಅದು ಜೀನ್ಸ್‌ನ ಹಾಗೆ ಕಾಣುವುದೇ ಇಲ್ಲ.

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಏಕೆಂದರೆ ನಾನೂ ಈ ಊರಿನ ಹೊಲಿಗೆಯ ಅನ್ನ ತಿಂದವನು. ಬ್ರಿಟಿಷರ ಕಾಲದಲ್ಲಿ ಇಲ್ಲಿ ದಂಡು ಬೀಡುಬಿಟ್ಟಿತ್ತು. ಕಂಟೋನ್ಮೆಂಟ್ ಎಂಬ ಹೆಸರು ಇಂದಿಗೂ ಉಳಿದಿದೆ. ದಂಡಿನ ಸಮವಸ್ತ್ರ ಹೊಲಿಯುವುದರಿಂದ ಈ ಊರಿನ ಕಸುಬು ಬೆಳೆಯಿತೆಂದು ಹಳೆಯ ಹೊಲಿಗೆಯ ಮನೆತನಗಳ ಹಿರಿಯರು ಹೇಳುತ್ತಿದ್ದರು. ಆ ಕೈಗಳೇ ಆಮೇಲೆ ಜೀನ್ಸ್‌ಗೆ ತಿರುಗಿದವು. ಇಲ್ಲಿ ಕೌಶಲಕ್ಕೆ ಕೊರತೆಯಿಲ್ಲ, ಕೊರತೆ ಇರುವುದು ಆರ್ಡರಿನಲ್ಲಿ.

ಮಾಲು ಹೇಗೆ ಹೊರಡುತ್ತದೆ ನೋಡಿ. ಹೊರಗಿನ ವ್ಯಾಪಾರಿ ಬಿಡಿ ಪ್ಯಾಂಟುಗಳನ್ನು ಕೊಳ್ಳುವುದಿಲ್ಲ, ಸೆಟ್ ಕೊಳ್ಳುತ್ತಾನೆ. 28, 30, 32, 34, 36 ಎಂದು ಸೊಂಟದ ಅಳತೆಗಳು ಸೇರಿ ಒಂದು ಸೆಟ್. ಅದರಲ್ಲಿಯೂ 30, 32, 34 ಎರಡೆರಡು ಇದ್ದರೆ 28 ಒಂದೇ ಇರುತ್ತದೆ. ಕಟಿಂಗ್ ಟೇಬಲ್ ಮೇಲೆ ಡೆನಿಮ್ ಬಟ್ಟೆಯನ್ನು ಪದರಪದರವಾಗಿ ಹಾಸಿ, ಮೇಲೆ ಎಲ್ಲ ಗಾತ್ರಗಳ ತುಂಡುಗಳ ಆಕಾರ ಬರೆದ ಮಾರ್ಕರ್ ಕಾಗದವನ್ನಿಟ್ಟು, ಯಂತ್ರದಿಂದ ಒಟ್ಟಿಗೆ ಕೊಯ್ಯುತ್ತಾರೆ. ಮಾರ್ಕರಿನಲ್ಲಿ ಸೊಂಟ ಬದಲಾಗುತ್ತದೆಯೇ ಹೊರತು ಕಾಲಿನ ಉದ್ದ ಬದಲಾಗುವುದಿಲ್ಲ, ಅಥವಾ ಹೆಸರಿಗೆ ಮಾತ್ರ ಬದಲಾಗುತ್ತದೆ. ಉದ್ದವಿದ್ದವನಿಗೂ ಸಾಲಬೇಕು, ಗಿಡ್ಡವಿದ್ದವನು ಕತ್ತರಿಸಿಕೊಳ್ಳಲಿ ಎಂಬ ಲೆಕ್ಕದಲ್ಲಿ ಒಳಗಾಲಿನ ಉದ್ದವನ್ನು 32, 33 ಇಂಚಿಗೆ ಇಟ್ಟುಬಿಡುತ್ತಾರೆ. ಪ್ರತಿ ಸೊಂಟಕ್ಕೂ ಎರಡು ಉದ್ದ ಮಾಡಬೇಕೆಂದರೆ ವ್ಯಾಪಾರಿಯ ಗೋಡೌನಿನಲ್ಲಿ ಮಾಲು ಇಮ್ಮಡಿಯಾಗುತ್ತದೆ, ಅದಕ್ಕೆ ಅವನು ಒಪ್ಪುವುದಿಲ್ಲ.

ಐದಾರು ಇಂಚು ಕತ್ತರಿಸಿದಾಗ ಜೀನ್ಸ್ ಕೆಡುವುದೇಕೆ ಎಂಬುದಕ್ಕೆ ಉತ್ತರ ಮೊಣಕಾಲಿನಲ್ಲಿದೆ. ಪ್ಯಾಟರ್ನ್ ಬರೆಯುವಾಗ ಕಾಲಿನ ತಿರುವನ್ನು ಮೊಣಕಾಲಿನ ಗೆರೆಗೆ ಹೊಂದಿಸಿ, ಅಲ್ಲಿಂದ ಕೆಳಗೆ ಕಿರಿದಾಗಿಸುತ್ತ ಮೋರಿಯ, ಅಂದರೆ ಪ್ಯಾಂಟಿನ ಕಾಲಿನ ಕೆಳತುದಿಯ ಬಾಯಿಯ, ಅಗಲಕ್ಕೆ ಇಳಿಸುತ್ತಾರೆ. 32 ಇಂಚಿನ ಕಾಲಿಗೆ ಬರೆದ ಮೊಣಕಾಲು 27 ಇಂಚಿನ ಕಾಲಿನವರಲ್ಲಿ ಮೂಳೆಗಿಂತ ಎರಡೂವರೆ ಇಂಚಿನಷ್ಟು ಕೆಳಗೆ, ಮೀನಖಂಡದ ಮೇಲೆ ಬಂದು ಕೂರುತ್ತದೆ. ವಾಶಿಂಗ್‌ನಲ್ಲಿ ತೊಡೆಯ ಮೇಲೆ ಮಾಡಿದ ಬಿಳಿಛಾಯೆ ಕೂಡ ಮೊಣಕಾಲಿನ ಕೆಳಗೆ ಇಳಿಯುತ್ತದೆ. ಕೆಳಗೆ ಕತ್ತರಿಸಿದೊಡನೆ ಮೋರಿ ಅಗಲವಾಗಿ ಕಾಲು ಕೊಳವೆಯಂತಾಗುತ್ತದೆ. ಮೇಲೆ ಆಸನವೂ (ಸೊಂಟಪಟ್ಟಿಯಿಂದ ತೊಡೆಸಂದಿಯವರೆಗಿನ ಭಾಗ) ಹಾಗೆಯೇ: ಉದ್ದ ಕಾಲಿನವನಿಗೆ ಬರೆದ ಆಸನ ನಿಮಗೆ ತೊಡೆಸಂದಿಯಿಂದ ಒಂದಿಂಚು ಕೆಳಗೆ ಜೋಲುತ್ತದೆ, ಮತ್ತು ಇದನ್ನು ಅಚ್ಚುಕಟ್ಟಾಗಿ ತಿದ್ದಲು ಬರುವುದಿಲ್ಲ.

ಆದುದರಿಂದ ಕೊಳ್ಳುವಾಗ ಸೊಂಟಕ್ಕಿಂತ ಮೊದಲು ಆಸನವನ್ನು ನೋಡಿ. ಆಸನ ಕಡಿಮೆ ಇರುವ, ನೇರ ಕಾಲಿನ, ತೊಡೆಯ ಮೇಲೆ ಛಾಯೆಯಿಲ್ಲದೆ ಒಂದೇ ಬಣ್ಣವಿರುವ ಗಾಢ ನೀಲಿ ಜೀನ್ಸ್ ಆರಿಸಿಕೊಂಡರೆ ಕತ್ತರಿಸಿದ್ದು ಎದ್ದು ಕಾಣುವುದಿಲ್ಲ. ಕೆಳಗೆ ಕತ್ತರಿಸುವವರಿಗೆ ಮೂಲದ ಮೋರಿಯ ಪಟ್ಟಿಯನ್ನೇ ಬಿಚ್ಚಿ ಮೇಲೆ ಕೂಡಿಸಿ ಹೊಲಿಯಲು ಹೇಳಿ. ಜೊತೆಗೆ ಮೊಣಕಾಲಿನಿಂದ ಕೆಳಗೆ ಒಳಹೊಲಿಗೆಯನ್ನು ಹಿಡಿಸಿ ಕಾಲನ್ನು ಕಿರಿದುಗೊಳಿಸಲು ಹೇಳುವುದನ್ನು ಮರೆಯಬೇಡಿ. ಈ ಎರಡನೆಯ ಕೆಲಸವನ್ನು ಯಾರೂ ತಾವಾಗಿ ಮಾಡುವುದಿಲ್ಲ. ಸೊಂಟವನ್ನು ಎರಡು ಇಂಚಿಗಿಂತ ಹೆಚ್ಚು ಹಿಡಿಸಬೇಡಿ, ಹಿಂದಿನ ಕಿಸೆಗಳೆರಡೂ ಒಂದಕ್ಕೊಂದು ತಾಗಿ ಕೂರುತ್ತವೆ.

ನೀವು ಬಳ್ಳಾರಿಯವರಾದ್ದರಿಂದ ಬೇರೆ ಊರಿನವರಿಗಿಲ್ಲದ ಅನುಕೂಲವೊಂದು ನಿಮಗಿದೆ. ನಿಮ್ಮ ಓಣಿಯ ಆಸುಪಾಸಿನಲ್ಲೇ ಜಾಬ್‌ವರ್ಕ್ ಮಾಡುವ, ಅಂದರೆ ಬೇರೆಯವರ ಮಾಲನ್ನು ಕೂಲಿಗೆ ಹೊಲಿದುಕೊಡುವ, ಸಣ್ಣ ಘಟಕಗಳಿವೆ. ಲಾಟ್ ಮುಗಿದ ಮೇಲೆ ಉಳಿಯುವ ಡೆನಿಮ್ ತುಂಡುಗಳಲ್ಲಿ ನಿಮ್ಮ ಅಳತೆಯ ಒಂದೆರಡು ಪ್ಯಾಂಟು ಧಾರಾಳವಾಗಿ ಆಗುತ್ತವೆ. ಕಟಿಂಗ್ ಮಾಸ್ತರರನ್ನು ಕಂಡು, ಸೊಂಟ, ಸೀಟು (ಪೃಷ್ಠದ ಸುತ್ತಳತೆ), ಆಸನ, ತೊಡೆ, ಮೊಣಕಾಲು, ಮೋರಿ, ಉದ್ದ, ಈ ಏಳು ಅಳತೆಗಳನ್ನು ಕೊಟ್ಟು ಕೇಳಿ. ವಾಶಿಂಗ್ ಆಗದ ಡೆನಿಮ್ ಕುಗ್ಗುತ್ತದೆಯಾದ್ದರಿಂದ, ಒಗೆದ ಮೇಲಿನ ಅಳತೆ ಇಷ್ಟಿರಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಹಾಗೆಯೇ ನಿಮ್ಮಂಥವರು ನಾಲ್ಕು ಜನ ಒಟ್ಟಿಗೆ ಹೋದರೆ ಅವರಿಗೂ ಯಂತ್ರ ಹೂಡಿದ್ದಕ್ಕೆ ಗಿಟ್ಟುತ್ತದೆ.

ಪ್ರಶ್ನೆ: ಉದ್ದ ಗೆರೆಯ ಅಂಗಿ ತೊಟ್ಟರೆ ಎತ್ತರ ಕಾಣುತ್ತಾರೆಂಬುದು ನಿಜವೇ? (ಕೊಪ್ಪಳದ ಕಾಲೇಜು ವಿದ್ಯಾರ್ಥಿ)

ಉತ್ತರ: ಖಚಿತವಾಗಿ ಹೇಳಲಾಗದು. ಆದರೆ ಭುಜ ಇಳಿಬಿದ್ದ ಅಂಗಿಯಲ್ಲಿ ಯಾವ ಗೆರೆಯೂ ಕೆಲಸ ಮಾಡುವುದಿಲ್ಲ. ಅಂಗಿಯನ್ನು ಹೊರಗೆ ಬಿಡುವುದಾದರೆ ಅದು ಪ್ಯಾಂಟಿನ ಜಿಪ್ಪಿನ ನಡುಮಟ್ಟಕ್ಕೆ ಮುಗಿಯುವಂತೆ ಮಾಡಿಸಿ. ಅಷ್ಟರಿಂದಲೇ ಕಾಲು ಇದ್ದಷ್ಟು ಉದ್ದ ಕಾಣುತ್ತದೆ. ಎತ್ತರ ಕಾಣಬೇಕೆಂಬ ಆಸೆಗಿಂತ ಒಪ್ಪವಾಗಿ ಕಾಣಬೇಕೆಂಬ ಆಸೆಯನ್ನು ಇಟ್ಟುಕೊಂಡರೆ ಆಯ್ಕೆ ಸುಲಭವಾಗುತ್ತದೆ.

ಪ್ರಶ್ನೆ: ನಾನು ರಾಯಚೂರಿನವನು. ಬರುವ ವೈಶಾಖದಲ್ಲಿ ನನ್ನ ಮದುವೆ. ಆರತಕ್ಷತೆಗೆ ಕೋಟು ಹಾಕಲೇಬೇಕೆಂದು ಬೀಗರ ಕಡೆಯವರ ಅಪೇಕ್ಷೆ. ನೋಡಿದ ಕೋಟುಗಳೆಲ್ಲ ನನ್ನ ತೊಡೆಯವರೆಗೆ ಬರುತ್ತವೆ, ಅಣ್ಣನ ಕೋಟನ್ನು ಕೇಳಿ ತಂದು ಹಾಕಿಕೊಂಡವನ ಹಾಗೆ ಕಾಣುತ್ತೇನೆ. ನನ್ನ ಎತ್ತರ 5 ಅಡಿ 1 ಇಂಚು. ಬಾಡಿಗೆಗೆ ತರಲೇ, ಕೊಂಡು ತಿದ್ದಿಸಲೇ?

ಉತ್ತರ: ಎರಡೂ ಬೇಡ, ಹೊಲಿಸಿಕೊಳ್ಳಿ. ಕೋಟಿನ ಉದ್ದವನ್ನು ಒಂದಿಂಚಿಗಿಂತ ಹೆಚ್ಚು ಕತ್ತರಿಸಿದರೆ ಕೆಳಗಿನ ಕಿಸೆಗಳು ಅಂಚಿಗೆ ಬಂದುಬಿಡುತ್ತವೆ. ಭುಜದೊಳಗೆ ಪ್ಯಾಡು, ಕ್ಯಾನ್ವಾಸು, ಅಸ್ತರು ಎಲ್ಲವೂ ಸೇರಿಕೊಂಡಿರುವುದರಿಂದ ಅದನ್ನು ಬಿಚ್ಚಿ ಕಿರಿದು ಮಾಡುವುದು ಹೊಸ ಕೋಟು ಹೊಲಿಯುವಷ್ಟೇ ಕೆಲಸ. ಪಾಶ್ಚಾತ್ಯ ದೇಶಗಳಲ್ಲಿ 36 ಎದೆಯ ಕೋಟಿನಲ್ಲಿಯೇ ಗಿಡ್ಡ, ಸಾಧಾರಣ, ಉದ್ದ ಎಂದು ಮೂರು ಬಗೆ ಮಾಡುತ್ತಾರೆ. ನಮ್ಮ ಅಂಗಡಿಗಳಿಗೆ ಬರುವುದು ಹೆಚ್ಚಾಗಿ ಸಾಧಾರಣ ಬಗೆಯೊಂದೇ. ಬಾಡಿಗೆಯ ಶೇರ್ವಾನಿಯಂತೂ ಹತ್ತಾರು ಜನರ ಮೈಗೆ ಆಗಲೆಂದು ಸಡಿಲವಾಗಿ ಹೊಲಿದದ್ದು, ಹಿಂದೆ ಪಿನ್ನು ಚುಚ್ಚಿ ಫೋಟೋ ತೆಗೆಸಿಕೊಳ್ಳಬಹುದಷ್ಟೆ.

ಟೇಲರ್ ಹತ್ತಿರ ಹೋದಾಗ ಇಷ್ಟನ್ನು ಹೇಳಿ. ಕೋಟು ಪೃಷ್ಠವನ್ನು ಮುಚ್ಚಬೇಕು, ಅದರ ಕೆಳಗೆ ಇಳಿಯಬಾರದು. ಎರಡೇ ಗುಂಡಿ ಇರಲಿ, ಮೇಲಿನ ಗುಂಡಿ ಹೊಕ್ಕುಳಿಗಿಂತ ಕೊಂಚ ಮೇಲೆ ಬರಲಿ. ಕಿಸೆಗಳನ್ನು ಆ ಅನುಪಾತಕ್ಕೆ ಮೇಲಕ್ಕೇರಿಸಲಿ. ಭುಜದ ಪ್ಯಾಡು ತೆಳ್ಳಗಿರಲಿ. ದಪ್ಪ ಪ್ಯಾಡು ಹಾಕಿದರೆ ಮೈ ತುಂಬಿದಂತೆ ಕಾಣುವುದೆಂದು ಕೆಲವರು ಒತ್ತಾಯಿಸುತ್ತಾರೆ, ಒಪ್ಪಬೇಡಿ, ತಲೆ ಮತ್ತು ಭುಜಗಳ ಹೊಂದಿಕೆ ಕೆಡುತ್ತದೆ. ತೋಳಿನ ಕೆಳಗೆ ಅಂಗಿಯ ಕಫ್ ಅರ್ಧ ಇಂಚು ಕಾಣಬೇಕು. ಪ್ಯಾಂಟು ಬೂಟಿನ ಮೇಲೆ ಒಂದೇ ಒಂದು ಸಣ್ಣ ಮಡಿಕೆ ಬೀಳುವಷ್ಟು ಉದ್ದವಿದ್ದರೆ ಸಾಕು. ಕೋಟು, ಪ್ಯಾಂಟು ಒಂದೇ ಬಟ್ಟೆಯವಾಗಿರಲಿ.

ಮದುವೆಗೆ ಎರಡು ತಿಂಗಳು ಮೊದಲೇ ಬಟ್ಟೆ ಕೊಡಿ. ಲಗ್ನಸರಾಯಿಯಲ್ಲಿ ಟೇಲರ್‌ಗಳಿಗೆ ಉಸಿರಾಡಲು ಬಿಡುವಿರುವುದಿಲ್ಲ, ಆಗ ಅವರು ಟ್ರಯಲ್ ಇಲ್ಲದೆ ಹೊಲಿದು ಕೊಟ್ಟುಬಿಡುತ್ತಾರೆ. ನಿಮಗೆ ಎರಡು ಟ್ರಯಲ್ ಬೇಕೇ ಬೇಕು: ಕಚ್ಚಾ ಹೊಲಿಗೆ ಹಾಕಿದಾಗ ಒಮ್ಮೆ, ಅಸ್ತರು ಕೂಡಿಸುವ ಮೊದಲು ಇನ್ನೊಮ್ಮೆ. ಮದುವೆಯ ದಿನ ಹಾಕುವ ಬೂಟನ್ನೇ ಹಾಕಿಕೊಂಡು ಹೋಗಿ. ಇನ್ನು, ರಾಯಚೂರಿನ ವೈಶಾಖದ ಸೆಕೆಯಲ್ಲಿ ದಪ್ಪ ಬಟ್ಟೆ ಬೇಡವೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ನಮ್ಮ ತಂದೆಯವರಿಗೆ 74 ವರ್ಷ. ಮೊದಲೇ ಸಣ್ಣ ಆಳು, ಈಗ ಬೆನ್ನು ಬಾಗಿ ಇನ್ನೂ ಚಿಕ್ಕವರಾಗಿದ್ದಾರೆ. ಇದ್ದ ಅಂಗಿಗಳೆಲ್ಲ ಮುಂದೆ ಜೋತುಬಿದ್ದು, ಹಿಂದೆ ಮೇಲೇರುತ್ತವೆ. ಧೋತರ ಕಾಲಿಗೆ ಸಿಕ್ಕಿ ಒಮ್ಮೆ ಎಡವಿದರು. ಹೊಸ ಬಟ್ಟೆ ತರುತ್ತೇನೆಂದರೆ, ಇನ್ನು ನನಗೇಕೆ ಎನ್ನುತ್ತಾರೆ. (ಲಿಂಗಸುಗೂರಿನಿಂದ ಮಗಳು)

ಉತ್ತರ: ತಾಯಿ, ನೀವು ಬರೆದದ್ದನ್ನು ಓದಿ ನನಗೆ ನನ್ನ ತಂದೆಯವರ ನೆನಪಾಯಿತು. ವಯಸ್ಸಾದಂತೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ತೆಳುವಾಗಿ ಎತ್ತರ ಕುಗ್ಗುವುದು ಸಹಜ. ಆದರೆ ಕೆಲವೇ ತಿಂಗಳಲ್ಲಿ ಬಟ್ಟೆ ಸಡಿಲವಾಗಿದ್ದರೆ, ಅಥವಾ ಬೆನ್ನು ಬೇಗನೆ ಬಾಗಿದ್ದರೆ ಮೊದಲು ವೈದ್ಯರಿಗೆ ತೋರಿಸಿ, ಆಮೇಲೆ ಟೇಲರ್ ಹತ್ತಿರ ಹೋಗಿ.

ಬಾಗಿದ ಬೆನ್ನಿಗೆ ಅಂಗಿಯ ಮುಂಭಾಗ ಮತ್ತು ಹಿಂಭಾಗಗಳ ಉದ್ದ ಒಂದೇ ಇರಬಾರದು. ಕತ್ತಿನ ಎಲುಬಿನಿಂದ ಬೆನ್ನಿನ ಉಬ್ಬಿನ ಮೇಲೆ ಹಾದು ಸೊಂಟದವರೆಗೆ ಟೇಪು ಹಿಡಿದು ಅಳೆಯಲು ಹೇಳಿ. ಮುಂದಿನದನ್ನು ಬೇರೆಯಾಗಿ ಅಳೆಯಲಿ. ಸಾಮಾನ್ಯವಾಗಿ ಹಿಂದೆ ಒಂದು ಇಂಚು ಹೆಚ್ಚು, ಮುಂದೆ ಒಂದು ಇಂಚು ಕಡಿಮೆ ಮಾಡಿದರೆ ಅಂಗಿ ಸುತ್ತಲೂ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಯೋಕಿನ (ಬೆನ್ನಿನ ಮೇಲ್ಭಾಗದ ಅಡ್ಡಪಟ್ಟಿಯ) ಕೆಳಗೆ ಎರಡು ಸಣ್ಣ ಮಡಿಕೆ ಇಟ್ಟರೆ ಬೆನ್ನು ಹಿಡಿಯುವುದಿಲ್ಲ. ಗುಂಡಿಗಳು ದೊಡ್ಡವಿರಲಿ, ಬೆರಳಿಗೆ ಸುಲಭ. ಧೋತರದ ವಿಷಯದಲ್ಲಿ ನೆನಪಿಡಬೇಕಾದದ್ದು, ನೇಯುವಾಗಿನ ಪನ್ನವೇ ಉಟ್ಟಾಗ ಎತ್ತರವಾಗುತ್ತದೆ. ಸಾಮಾನ್ಯವಾಗಿ ಸಿಗುವ ಧೋತರದ ಪನ್ನ ಸುಮಾರು 50 ಇಂಚು ಇರುವುದರಿಂದ, ಅವರ ಸೊಂಟದಿಂದ ಹಿಮ್ಮಡಿಯವರೆಗೆ ಅಳೆದುಕೊಂಡು ಹೋಗಿ, ಅದಕ್ಕೆ ಹತ್ತಿರದ ಕಡಿಮೆ ಪನ್ನದ್ದನ್ನು ಕೇಳಿ. ಸಿಗದಿದ್ದರೆ ಅಂಚಿಲ್ಲದ ಬಿಳಿ ಧೋತರ ತಂದು ಒಂದು ಕಡೆ ಕತ್ತರಿಸಿ ಹೆಮ್ ಮಾಡಿಸಿ.

ಇನ್ನು ನನಗೇಕೆ ಎಂಬ ಅವರ ಮಾತನ್ನು ಕೇಳಬೇಡಿ. ಹಳೆಯ ಅಂಗಿಗಳಲ್ಲಿ ಅವರಿಗೆ ಪ್ರಿಯವಾದ ಒಂದನ್ನು ಒಯ್ದು ತಿದ್ದಿಸಿ ತಂದುಕೊಡಿ. ಅದು ಮೈಗೆ ಹಿತವಾಗಿ ಕೂತರೆ ಎರಡನೆಯದಕ್ಕೆ ಅವರೇ ಅಳತೆ ಕೊಡಲು ಏಳುತ್ತಾರೆ.

ಪ್ರಶ್ನೆ: ಕುಷ್ಟಗಿಯಲ್ಲಿ ನನ್ನ ಅಳತೆಯ ಅಂಗಿ ಸಿಗದೆ ಆನ್‌ಲೈನ್‌ನಲ್ಲಿ ತರಿಸುತ್ತೇನೆ. ನಾಲ್ಕರಲ್ಲಿ ಮೂರನ್ನು ಹಿಂತಿರುಗಿಸಬೇಕಾಗುತ್ತದೆ. ಎಕ್ಸ್‌ಎಸ್ ಎಂದು ಬರೆದದ್ದೂ ಒಂದೊಂದು ಕಡೆ ಒಂದೊಂದು ತೆರನಾಗಿರುತ್ತದೆ.

ಉತ್ತರ: ಅಕ್ಷರವನ್ನು ನಂಬಬೇಡಿ, ಅಂಕಿಯನ್ನು ನೋಡಿ. ಬಿಡಿಯಾಗಿ ಮಾರುವ ಸಿದ್ಧ ಉಡುಪಿನ ಮೇಲೆ ಎಸ್, ಎಂ, ಎಲ್ ಎಂಬ ಗುರುತಿನ ಜೊತೆಗೆ ಅಳತೆಯನ್ನು ಸೆಂಟಿಮೀಟರ್ ಅಥವಾ ಮೀಟರಿನಲ್ಲಿಯೂ ನಮೂದಿಸಬೇಕೆಂದು 2022ರಲ್ಲಿ ತಿದ್ದುಪಡಿಯಾದ ಪೊಟ್ಟಣದ ಸರಕುಗಳ ಕಾನೂನುಬದ್ಧ ಮಾಪನ ನಿಯಮಗಳು ಹೇಳುತ್ತವೆ. ನಿಮಗೆ ಸರಿಯಾಗಿ ಕೂರುವ ಅಂಗಿಯೊಂದನ್ನು ಗುಂಡಿ ಹಾಕಿ ಮಂಚದ ಮೇಲೆ ಹಾಸಿ, ಭುಜದಿಂದ ಭುಜಕ್ಕೆ, ಕಂಕುಳಿನಿಂದ ಕಂಕುಳಿಗೆ, ಕಾಲರಿನ ಬುಡದಿಂದ ಕೆಳಗಿನವರೆಗೆ, ಭುಜದ ಹೊಲಿಗೆಯಿಂದ ಕಫ್ ತುದಿಯವರೆಗೆ ಅಳೆದು ಬರೆದುಕೊಳ್ಳಿ. ಇಂಚನ್ನು 2.54ರಿಂದ ಗುಣಿಸಿದರೆ ಸೆಂಟಿಮೀಟರ್ ಸಿಗುತ್ತದೆ.

ಅಳತೆಯ ಪಟ್ಟಿಯಲ್ಲಿ ಕೊಟ್ಟಿರುವುದು ಮೈಯ ಅಳತೆಯೋ ಬಟ್ಟೆಯ ಅಳತೆಯೋ ಎಂಬುದನ್ನು ಮೊದಲು ಗಮನಿಸಿ. ಬಹುಪಾಲು ತಪ್ಪುಗಳು ಆಗುವುದು ಇಲ್ಲಿಯೇ. ಮೈಯ ಎದೆ 34 ಇಂಚು ಇದ್ದರೆ ಹಿತವಾದ ಅಂಗಿಯ ಎದೆ 38 ಇರಬೇಕು. ಈ ನಾಲ್ಕು ಇಂಚಿನ ಸಡಿಲವನ್ನು ಲೆಕ್ಕಕ್ಕೆ ಹಿಡಿಯದೆ ತರಿಸಿದರೆ ಎರಡು ಗಾತ್ರ ಹೆಚ್ಚುಕಡಿಮೆಯಾಗುತ್ತದೆ. ಭುಜದ ಅಳತೆಯನ್ನು ಕೊಡದ ಮಾರಾಟಗಾರರಿಂದ ತರಿಸಬೇಡಿ. ಸ್ಲಿಮ್ ಫಿಟ್ ಎಂದರೆ ಪಕ್ಕದಲ್ಲಿ ಹಿಡಿಸಿದ್ದಾರೆಂದಷ್ಟೇ ಅರ್ಥ, ಉದ್ದ ಮತ್ತು ಭುಜಗಳು ಬಹುತೇಕ ಹಾಗೆಯೇ ಇರುತ್ತವೆ. ಒಗೆದರೆ ಕುಗ್ಗೀತು ಎಂಬ ಆಸೆಯಿಂದ ದೊಡ್ಡದನ್ನು ಇಟ್ಟುಕೊಳ್ಳುವುದೂ ಬೇಡ. ಕುಗ್ಗುವ ಬಟ್ಟೆ ಉದ್ದದಲ್ಲಿ ಕುಗ್ಗುವಷ್ಟು ಅಗಲದಲ್ಲಿ ಕುಗ್ಗುವುದಿಲ್ಲ.

ಪ್ರಶ್ನೆ: ಗಂಗಾವತಿಯಲ್ಲಿ ನನ್ನದು ಚಿಕ್ಕ ಬಟ್ಟೆ ಅಂಗಡಿ. ನಿಮ್ಮ ಕಳೆದ ಸಲದ ಉತ್ತರವನ್ನು ಓದಿ, ಎಷ್ಟು ಜನ ನನ್ನ ಅಂಗಡಿಯಿಂದ ಬರಿಗೈಲಿ ಹೋಗುತ್ತಾರೆಂದು ಯೋಚಿಸಿದೆ. ಸಣ್ಣ ಅಳತೆಯ ಮಾಲು ತಂದಿಟ್ಟರೆ ಉಳಿದುಬಿಟ್ಟೀತು ಎಂಬ ಹೆದರಿಕೆ ಇದೆ. ಹೇಗೆ ಆರಂಭಿಸಲಿ?

ಉತ್ತರ: ಬಂದ ಪತ್ರಗಳಲ್ಲೆಲ್ಲ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ನಿಮ್ಮದು. ಒಂದು ನೋಟುಬುಕ್ ಗಲ್ಲೆಯ ಪಕ್ಕದಲ್ಲಿಟ್ಟು, ಅಳತೆ ಸಿಗದೆ ಮರಳಿದ ಪ್ರತಿಯೊಬ್ಬರಿಗೂ ಬೇಕಿದ್ದ ಸೊಂಟ, ಉದ್ದ, ಭುಜಗಳನ್ನು ಮೂರು ತಿಂಗಳು ಬರೆಯಿರಿ. ಸಂತೆಯ ದಿನ ಸುತ್ತಲಿನ ಹಳ್ಳಿಗಳವರು ಬಂದಾಗ ತಪ್ಪದೆ ಬರೆಯಿರಿ. ಉಳಿದೀತೆಂಬ ನಿಮ್ಮ ಹೆದರಿಕೆಗೆ ಆಧಾರವಿದೆಯೋ ಇಲ್ಲವೋ ಎಂಬುದು ಆ ಪುಸ್ತಕದಿಂದಲೇ ತಿಳಿಯುತ್ತದೆ.

ಆಮೇಲೆ ಬಣ್ಣಬಣ್ಣದ ಮಾಲಿಗೆ ಹೋಗದೆ, ಎಂದಿಗೂ ಹಳತಾಗದ ಬಿಳಿ, ತಿಳಿನೀಲಿ ಅಂಗಿ, ಕಪ್ಪು ಮತ್ತು ಬೂದು ಪ್ಯಾಂಟುಗಳನ್ನು ಮಾತ್ರ ಸಣ್ಣ ಅಳತೆಯಲ್ಲಿ ಮಾಡಿಸಿ. ಶಿಕ್ಷಕರು, ಗುಮಾಸ್ತರು, ಕಂಡಕ್ಟರುಗಳು, ಸಂದರ್ಶನಕ್ಕೆ ಹೊರಟ ಹುಡುಗರು ವರ್ಷವಿಡೀ ಕೇಳುವ ಮಾಲು ಇದು. ಬಳ್ಳಾರಿ ನಿಮಗೆ ಎರಡು ಗಂಟೆಯ ದಾರಿ. 26, 28, 30 ಸೊಂಟಗಳಿಗೆ 27 ಇಂಚಿನ ಒಳಗಾಲು, ಅದಕ್ಕೆ ತಕ್ಕಂತೆ ಮೊಣಕಾಲಿನ ಗೆರೆಯನ್ನು ಏರಿಸಿ, ಆಸನದ ಅಳತೆಯನ್ನು ಕಡಿಮೆ ಮಾಡಿ ಬರೆದ ಪ್ಯಾಟರ್ನ್, ಇಷ್ಟನ್ನು ಹೇಳಿ ಚಿಕ್ಕ ಲಾಟ್ ಒಂದನ್ನು ಮಾಡಿಸಿ. ಮಾರ್ಕರ್ ಕಾಗದ ಒಮ್ಮೆ ಸಿದ್ಧವಾದರೆ ಎರಡನೆಯ ಲಾಟ್‌ಗೆ ಆ ಖರ್ಚಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಆ ಅಂಗಿಗಳನ್ನು ಗಂಡಸರ ಅಂಗಿಗಳ ಸಾಲಿನಲ್ಲಿಯೇ ಜೋಡಿಸಿ, ಮಕ್ಕಳ ಮಾಲಿನ ಪಕ್ಕದಲ್ಲಿ ಬೇಡ. ಅಂಗಡಿಯ ಹುಡುಗರಿಗೆ, ಬಂದವರನ್ನು ಕಣ್ಣಳತೆಯಲ್ಲಿ ನೋಡಿ ಗಾತ್ರ ಹೇಳದೆ, ಟೇಪು ಹಿಡಿದು ಭುಜ ಅಳೆದ ಮೇಲೆಯೇ ಅಂಗಿ ತೆಗೆಯಲು ಕಲಿಸಿ. ಮೂರು ತಿಂಗಳ ಆ ನೋಟುಬುಕ್ ತುಂಬಿದಾಗ ದಯವಿಟ್ಟು ಅದರ ಲೆಕ್ಕವನ್ನು ಈ ಅಂಕಣಕ್ಕೆ ಬರೆದು ಕಳುಹಿಸಿ. ಬಳ್ಳಾರಿಯ ಕಟಿಂಗ್ ಮಾಸ್ತರರ ಮುಂದೆ ಅದನ್ನು ನಾನೇ ಒಯ್ದು ಇಡುತ್ತೇನೆ.